ತಲುಪದ ದೂರುಗಳ ತೂಕ

ನಮ್ಮ ಮನೆಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ಅಂಗಡಿಯವನನ್ನು ಕನ್ನಡಕದ ಮೇಲಿಂದ ಒಂದು ಥರ ನೋಡುವುದು ಅವರ ಕೆಲಸ. ಮಖಮಲ್ಲಿನ ಗುಳಿಗಳಿರುವ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳನ್ನು ಇಟ್ಟುಕೊಂಡು ಇಪ್ಪತ್ತಾರು ವರ್ಷ ತಿರುಗಿದ ಮನುಷ್ಯನಿಗೆ, ಲೋಕದಲ್ಲಿ ತೂಕವೇ ಇಲ್ಲದ ವಸ್ತುವೊಂದು ಇರಬಹುದು ಎಂದು ನಂಬಿಸುವುದು ಕಷ್ಟ. ಮದುವೆಯಾದ ಹೊಸದರಲ್ಲಿ ನಿನ್ನ ಮಾತಿಗೆ ತೂಕವಿದೆ ಎಂದು ಅವರು ಹೇಳಿದಾಗ ನಾನು ಹೊಗಳಿಕೆ ಎಂದುಕೊಂಡು ಒಂದು ವಾರ ಉಬ್ಬಿದ್ದೆ. ಆಮೇಲೆ ತಿಳಿಯಿತು, ಅವರು ಬಾಗಿಲ ಚಿಲಕದ ಬಗ್ಗೆಯೂ ಹಾಗೆಯೇ ಹೇಳುತ್ತಾರೆಂದು.

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಕಟ್ಟಡಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ಹೊತ್ತು ಮೆಟ್ಟಿಲೇರಿದವರು ಇಬ್ಬರು, ಹಿಂದೆ ಮುಂದೆ ದಾರಿ ತೋರಿಸಿದವರು ಎಂಟು ಜನ. ಇರುವುದೇ ನಾಲ್ಕು ಮನೆ. ನೆಲಮಹಡಿಯಲ್ಲಿ ಟೈಲರು, ಮೊದಲ ಮಹಡಿಯಲ್ಲಿ ನಾವು, ನಮ್ಮೆದುರು ಆಸ್ಪತ್ರೆಯ ನರ್ಸಮ್ಮ, ನರ್ಸಮ್ಮನ ನೆತ್ತಿಯ ಮೇಲೆ ಪೋಸ್ಟ್ ಮಾಸ್ಟರು ಮತ್ತು ಅವರ ಹೆಂಡತಿ. ಟೈಲರು ಹೊಲಿಯುತ್ತಿದ್ದ ಕಾಲರನ್ನು ಕೈಯಲ್ಲೇ ಹಿಡಿದು ಬಂದಿದ್ದರು. ನರ್ಸಮ್ಮ ಡ್ಯೂಟಿ ಮುಗಿಸಿ ಬಂದವರು ಬಿಳೀ ಬಟ್ಟೆಯಲ್ಲೇ ನಿಂತು, ಆ ಪೆಟ್ಟಿಗೆಯ ಹಣೆ ಮುಟ್ಟಿ, "ಬಿಸಿ ಇದೆ, ಗಾಳಿ ಬಿಡಿ" ಎಂದರು. ನಮ್ಮತ್ತೆ ಅದಕ್ಕೊಂದು ಹೂವಿನ ಬಟ್ಟೆಯ ಮುಸುಕು ಹೊಲಿದರು. ಆಗ ಬೀದಿಯಲ್ಲಿ ಯಾರಿಗೇ ಅರ್ಜಿ ಬೇಕಾಗಲಿ, ರಜೆ ಚೀಟಿ ಬೇಕಾಗಲಿ, "ಮೇಲ್ಗಡೆ ಹೋಗಿ, ಟೈಪ್ ಮಾಡಿಕೊಡ್ತಾರೆ" ಎನ್ನುತ್ತಿದ್ದರು. ಮೂರು ತಿಂಗಳಲ್ಲಿ ನಮ್ಮವರು ಕಟ್ಟಡದ ಕಾರ್ಯದರ್ಶಿಯಾದರು. ಅಧ್ಯಕ್ಷರು ಯಾರೂ ಇರಲಿಲ್ಲ. ಕಂಪ್ಯೂಟರ್ ಇದ್ದವರು ಕಾರ್ಯದರ್ಶಿ, ಇಲ್ಲದವರು ಸದಸ್ಯರು.

ಕಾರ್ಯದರ್ಶಿಯ ಮುಖ್ಯ ಕೆಲಸ ದೂರು ಬರೆಯುವುದು. ಕಟ್ಟಡದ ಮಾಲೀಕರು ಬೇರೆ ಊರಿನವರು. ಅವರ ಕರಾರುಪತ್ರದಲ್ಲಿ ಒಂದು ಷರತ್ತಿತ್ತು. ಫೋನ್ ಮಾಡುವಂತಿಲ್ಲ, ಮನೆಗೆ ಬರುವಂತಿಲ್ಲ, ಏನಿದ್ದರೂ ಕಾಗದದಲ್ಲಿ ಬರೆಯಬೇಕು. ಒಂದೇ ಮನೆಯ ಮೇಲೆ ಮೂರು ದೂರು ಬಂದರೆ ಆ ಮನೆಯವರು ಜಾಗ ಖಾಲಿ ಮಾಡಬೇಕು. ಟೈಲರ ಮಷೀನು ಕಟಕಟ ಎನ್ನುತ್ತದೆ ಎಂದು ನರ್ಸಮ್ಮ ಬರೆಸುವರು. ನರ್ಸಮ್ಮ ಬಕೆಟ್ಟಿನ ನೀರನ್ನು ಬಾಲ್ಕನಿಯಿಂದ ಚೆಲ್ಲುತ್ತಾರೆ ಎಂದು ಟೈಲರು ಬರೆಸುವರು. ನಮ್ಮ ಅತ್ತೆಯ ಮೇಲೆಯೇ ಟೈಲರು ಒಮ್ಮೆ ದೂರು ಹೇಳಿದಾಗ, ನಮ್ಮವರು ತಮ್ಮ ತಾಯಿಯ ವಿರುದ್ಧ ಒಂದು ಅಕ್ಷರವೂ ಬಿಡದೆ ಟೈಪ್ ಮಾಡಿದರು. ಅತ್ತೆ ಪಕ್ಕದಲ್ಲಿ ನಿಂತು ಟೈಲರಿಗೆ ಟೀ ಕೊಟ್ಟರು.

"ಸಕ್ಕರೆ ಸರಿಯಾಗಿದೆಯಾ?" ಎಂದು ಅತ್ತೆ ಕೇಳಿದರು.

"ಸರಿಯಾಗಿದೆ ಅಜ್ಜಿ. ಸಾರ್, ಮುಂದಿನ ಸಾಲು ಹಾಕಿ: ಸದರಿ ಮುದುಕಿಯು ಹಗಲೆಲ್ಲ ಮರದ ಬೆಂಚನ್ನು ಎಳೆದಾಡುತ್ತಾರೆ."

ಹೀಗೆ ಬರೆದದ್ದನ್ನು ಅಚ್ಚು ತೆಗೆದು, ಸಹಿ ಹಾಕಿಸಿ, ಲಕೋಟೆಗೆ ಸೇರಿಸಿ, ಅಂಟಿಸಿ, ವಿಳಾಸ ಬರೆಯುವವರೆಗೆ ನಮ್ಮವರ ಶಿಸ್ತಿಗೆ ಎಣೆಯಿರಲಿಲ್ಲ. ಅಂಚೆಗೆ ಮಾತ್ರ ಹಾಕುತ್ತಿರಲಿಲ್ಲ.

ಮೊದಲನೆಯದು ಮರೆತುಹೋದದ್ದು. ತೂಕದ ಪೆಟ್ಟಿಗೆಯ ಅಡಿಯಲ್ಲಿ ಸಿಕ್ಕಿಕೊಂಡು ಒಂದು ವಾರ ಊರೆಲ್ಲ ತಿರುಗಿತು. ನೆನಪಾಗಿ ಹೊರತೆಗೆಯುವಷ್ಟರಲ್ಲಿ ದೂರು ಕೊಟ್ಟವರೂ ದೂರಿಗೆ ಒಳಗಾದವರೂ ಮೆಟ್ಟಿಲ ಮೇಲೆ ಕೂತು ಯಾರದೋ ಮದುವೆಯ ಫೋಟೋ ನೋಡುತ್ತ ನಗುತ್ತಿದ್ದರು. "ಇದನ್ನ ಈಗ ಹಾಕೋದು ಹೇಗೆ?" ಎಂದು ನನ್ನನ್ನು ಕೇಳಿದರು. "ಹಾಕಬೇಡಿ" ಎಂದೆ. ಅಂದಿನಿಂದ ಅದೇ ಪದ್ಧತಿಯಾಯಿತು; ಲಕೋಟೆಗಳನ್ನು ಆಮೇಲೆ ಹರಿದು ಬಿಸಾಡುತ್ತಿದ್ದೆವು. ಲಕೋಟೆ ಅಂಟಿಸಿದ ಮರುದಿನ ನಮ್ಮವರು ತಾವೇ ಹೋಗಿ ಟೈಲರ ಮಷೀನಿನ ಕಾಲಿಗೆ ರಬ್ಬರ್ ತುಂಡು ಹಾಕಿ, "ಮಾಲೀಕರು ಕಳಿಸಿದಾರೆ" ಎಂದರು. ರಾತ್ರಿ ಪಾಳಿಯ ನರ್ಸಮ್ಮನಿಗೆ ಬೆಳಗಿನ ನಿದ್ದೆ ಕೆಡುತ್ತದೆ ಎಂದಾಗ ನಾನೊಂದು ದಪ್ಪ ಕಂಬಳಿಯನ್ನು ಕತ್ತರಿಸಿ ಪರದೆ ಹೊಲಿದು, ಅದನ್ನೂ ಮಾಲೀಕರ ಹೆಸರಿನಲ್ಲೇ ಕೊಟ್ಟೆವು. ಹತ್ತೊಂಬತ್ತು ವರ್ಷದಲ್ಲಿ ನೂರ ಹದಿನೇಳು ದೂರು. ಹಾಕಿದ್ದರೆ ಟೈಲರು ಮೊದಲ ವರ್ಷವೇ ಹೋಗುತ್ತಿದ್ದರು, ನರ್ಸಮ್ಮ ಎರಡನೆಯ ವರ್ಷ. ನಾವು ಮೊದಲ ಆರು ತಿಂಗಳಲ್ಲೇ. ಕಾರ್ಯದರ್ಶಿಗಳ ಕಾಗದ ಹೋದರೆ ಕೆಲಸ ಆದಂತೆಯೇ ಎಂಬ ಕೀರ್ತಿಯೊಂದು ಮಾತ್ರ ಬೆಳೆಯುತ್ತ ಹೋಯಿತು.

ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೆ, ಮತ್ತು 'ದೂರು' ಎಂಬ ಹೆಸರಿನ ಕಡತವನ್ನು ಹೊಟ್ಟೆಯಲ್ಲಿಟ್ಟುಕೊಂಡ ಆ ಕಂಪ್ಯೂಟರಿಗೆ. ನಮಗೆ ಎಲ್ಲರಿಗಿಂತ ಹೆಚ್ಚು ಭಯವಿದ್ದದ್ದು ಮೇಲಿನ ಮನೆಯ ಪೋಸ್ಟ್ ಮಾಸ್ಟರದು. ಕಾಗದ ಎಂದರೆ ಅವರಿಗೆ ಜೀವ. ಅಂಥವರ ಕಾಲ ಕೆಳಗೇ ಕೂತು ನೂರ ಹದಿನೇಳು ಕಾಗದ ತಡೆದಿದ್ದೇವೆ ಎಂದು ತಿಳಿದರೆ ಅವರು ಮತ್ತೆ ನಮ್ಮ ಮುಖ ನೋಡುತ್ತಾರೆಯೇ?

ಈಚೆಗೆ ಕಂಪ್ಯೂಟರ್ ಗುಂಡಿ ಒತ್ತಿ, ಸ್ನಾನಕ್ಕೆ ಹೋಗಿ, ತಿಂಡಿ ತಿಂದು ಬಂದರೂ ಇನ್ನೂ ಕಣ್ಣು ಬಿಡುತ್ತಿರಲಿಲ್ಲ. ಬೀದಿ ಕೊನೆಯ ರಿಪೇರಿ ಅಂಗಡಿಯಾಕೆಯನ್ನು ಕರೆಸಿದೆವು. ನನ್ನ ವಯಸ್ಸಿನವರು. ಮೊದಲು ರೇಡಿಯೋ ಬಿಚ್ಚುತ್ತಿದ್ದರು, ಆಮೇಲೆ ಮಿಕ್ಸಿ, ಈಗ ಕಂಪ್ಯೂಟರ್. ಹೂವಿನ ಮುಸುಕನ್ನು ಸರಿಸಿ ಕಿವಿಯಿಟ್ಟು ಕೇಳಿ, "ಅಕ್ಕ, ಇದರ ತಲೆ ತುಂಬಿಹೋಗಿದೆ. ಪೂರ್ತಿ ಅಳಿಸಿ ಮೊದಲಿಂದ ಹಾಕ್ಬೇಕು. ಭಾನುವಾರ ನಾಲ್ಕಕ್ಕೆ ಬರ್ತೀನಿ. ಅಷ್ಟರಲ್ಲಿ ಬೇಕಾದ್ದನ್ನ ಇದಕ್ಕೆ ತುಂಬಿಟ್ಕೊಳ್ಳಿ" ಎಂದು ಹೆಬ್ಬೆರಳಿನಷ್ಟು ಉದ್ದದ ಪೆನ್ ಡ್ರೈವ್ ಒಂದನ್ನು ಕೊಟ್ಟರು.

ನಮ್ಮವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಇದು ಎಷ್ಟು ತಡೆಯತ್ತೆ?"

"ಹದಿನಾರು ಜಿಬಿ ಅಣ್ಣ."

"ಗ್ರಾಂ ಲೆಕ್ಕದಲ್ಲಿ ಹೇಳಿ."

ಆಕೆ ತಮಾಷೆ ಎಂದುಕೊಂಡು ಜೋರಾಗಿ ನಕ್ಕು ಮೆಟ್ಟಿಲಿಳಿದರು. ಆಕೆ ನಗದೆ ಉತ್ತರ ಹೇಳಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಮರುದಿನ ನಮ್ಮವರು ಪೆನ್ ಡ್ರೈವನ್ನು ಇಲಾಖೆಗೆ ಕೊಂಡೊಯ್ದು, ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯಲ್ಲಿ ಖಾಲಿ ತೂಗಿದರು. ಎಂಟು ಗ್ರಾಂ ಮುನ್ನೂರ ನಲವತ್ತು ಮಿಲಿಗ್ರಾಂ. ಮನೆಗೆ ಬಂದು ಒಂದು ಪತ್ರ ಹಾಕಿಕೊಂಡು ಹೋಗಿ ತೂಗಿದರು. ಅಷ್ಟೇ. ಹತ್ತು ಪತ್ರ ಹಾಕಿದರು. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದರು.

"ಇಲಾಖೆಯ ತಕ್ಕಡಿ ಇಷ್ಟು ಸೂಕ್ಷ್ಮಕ್ಕೆ ಸ್ಪಂದಿಸಲ್ಲ" ಎಂದರು ಗಂಭೀರವಾಗಿ. "ಅಂದ್ರೆ ತೂಕ ಇಲ್ಲ ಅಂತಲ್ಲ. ಗೊತ್ತಾಗದೆ ಸೇರ್ಕೊಳ್ಳೋ ತೂಕವೇ ಅಪಾಯ. ಒಂದು ಕಾಗದ ಜಾಸ್ತಿಯಾದ್ರೆ ಪಟ್ ಅಂತ ಮುರಿಯತ್ತೆ."

"ಅದೇನು ಹಗ್ಗವಾ?" ಎಂದೆ.

"ಎಲ್ಲಕ್ಕೂ ಒಂದು ತಾಳಿಕೆ ಇರತ್ತೆ."

ಆ ವಾರವೆಲ್ಲ ಮನೆಯಲ್ಲಿ ಏನು ಉಳಿಸಬೇಕು, ಏನು ಬಿಡಬೇಕು ಎಂಬುದೇ ಮಾತು. ಮಗಳು ಐದು ವರ್ಷದವಳಿದ್ದಾಗ ಮೌಸ್ ಹಿಡಿದು ಬಿಡಿಸಿದ ಹಸುವೊಂದಿತ್ತು, ಐದು ಕಾಲಿನದು. ಐದನೆಯದು ಏನೆಂದು ಕೇಳಿದಾಗ, "ಒಂದು ನೋವಾದ್ರೆ ಬೇಕಲ್ಲ" ಎಂದಿದ್ದಳು. ಈಗ ಅವಳು ಪಶುವೈದ್ಯೆ. ಫೋನಿನಲ್ಲಿ ಕೇಳಿದರೆ, "ಅಯ್ಯೋ ಅಮ್ಮ, ಅದನ್ನ ಯಾರಿಗೂ ತೋರಿಸ್ಬೇಡ" ಎಂದಳು. ನಾನು ಅದನ್ನೇ ಮೊದಲು ಉಳಿಸಬೇಕೆಂದೆ. ನಮ್ಮವರು, "ಬಣ್ಣ ಜಾಸ್ತಿ ಬಳಿದಿದಾಳೆ, ಭಾರ. ಕಪ್ಪು ಬಿಳುಪು ಮಾಡಿ ಇಡೋಣ" ಎಂದರು. ಅತ್ತೆಯ ಚಿಂತೆ ಬೇರೆ. ಕಂಪ್ಯೂಟರ್ ತೆರೆದೊಡನೆ ಕಾಣುವ ಹಸಿರು ಗುಡ್ಡದ ಚಿತ್ರ ಅದರ ಜೊತೆಗೇ ಬಂದದ್ದು, ಲೋಕದಲ್ಲಿ ಕೋಟಿ ಜನರ ಬಳಿ ಇರುವಂಥದ್ದು; ಅತ್ತೆ ಮಾತ್ರ ಅದು ತಮ್ಮ ತವರಿನ ಹಿಂದಿನ ಗುಡ್ಡವೆಂದು ಹತ್ತೊಂಬತ್ತು ವರ್ಷದಿಂದ ನಂಬಿದ್ದರು.

"ಗುಡ್ಡ ಹೋಗತ್ತೇನೋ?" ಎಂದು ಮಗನನ್ನು ಕೇಳಿದರು.

"ಅಮ್ಮ, ಗುಡ್ಡ ಅಂದ್ರೆ ಎಷ್ಟು ತೂಕ ಗೊತ್ತಾ?" ಎಂದರು ಇವರು.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬುಧವಾರ ನಾನು ಕೆಲಸ ಮಾಡುವ ಶಾಲೆಯ ಲೈಬ್ರರಿಯಿಂದ ಬಂದಾಗ ಮೆಟ್ಟಿಲ ಗೋಡೆಯ ಮೇಲೊಂದು ಹಾಳೆ ಅಂಟಿತ್ತು.

'ಪ್ರಕಟಣೆ. ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ಕಾರ್ಯದರ್ಶಿಗಳ ಕಂಪ್ಯೂಟರನ್ನು ಸಂಪೂರ್ಣವಾಗಿ ಅಳಿಸಲಾಗುವುದು. ಅದರಲ್ಲಿರುವ ತಮ್ಮ ಹಳೆಯ ದೂರುಗಳನ್ನು ಉಳಿಸಿಕೊಳ್ಳಲು ಇಚ್ಛಿಸುವವರು ಮೂರು ಗಂಟೆಗೆ ಹಾಜರಾಗತಕ್ಕದ್ದು. ತೂಕದ ಮಿತಿಯಿರುವುದರಿಂದ ಮನೆಗೊಂದೇ ದೂರು.'

ನಾನು ಹೆಗಲ ಚೀಲವನ್ನೂ ಇಳಿಸದೆ ಹೋಗಿ ಇವರ ಮುಂದೆ ನಿಂತೆ. "ಯಾರು ಕೇಳಿದ್ರು ನಿಮ್ಮನ್ನ? ಸದ್ದಿಲ್ಲದೆ ಅಳಿಸಿದ್ರೆ ಪೀಡೆ ಕಳೀತಿತ್ತಲ್ಲ!"

"ಸ್ವತ್ತು ಅವರದು ಕಣೇ. ಹೇಳದೆ ಕೇಳದೆ ಹೇಗೆ ಅಳಿಸಲಿ?"

ನೂರ ಹದಿನೇಳು ಕಾಗದವನ್ನು ಹೇಳದೆ ಕೇಳದೆ ತಡೆದ ಮನುಷ್ಯ ಹೀಗೆಂದರೆ ಹೆಂಡತಿಯಾದವಳು ಏನು ಹೇಳಬೇಕು?

ಅಷ್ಟರಲ್ಲಿ ಪ್ರಕಟಣೆಯ ಮುಂದೆ ಸಭೆ ಸೇರಿತ್ತು. ಕಂಪ್ಯೂಟರಿನಲ್ಲಿ ಅಳಿಸಿದರೆ ದೂರೇ ರದ್ದಾದಂತೆ ಎಂದು ಟೈಲರು ಅರ್ಥ ಮಾಡಿಕೊಂಡು, ಅದನ್ನು ನರ್ಸಮ್ಮನಿಗೂ ಅರ್ಥ ಮಾಡಿಸಿದ್ದರು.

"ಅಂದ್ರೆ ನೀವು ಬಾಲ್ಕನಿಯಿಂದ ಮತ್ತೆ ನೀರು ಚೆಲ್ಲಬಹುದು ಅಂತ ಆಯ್ತು" ಎಂದರು ಟೈಲರು.

"ನಾನು ಚೆಲ್ಲೋದು ಬಿಟ್ಟು ಹನ್ನೊಂದು ವರ್ಷ ಆಯ್ತಪ್ಪ. ನೀನು ಆ ರಬ್ಬರ್ ಕಿತ್ತುಹಾಕ್ತೀಯೇನು?" ಎಂದರು ನರ್ಸಮ್ಮ.

"ನಾನು ಕೊಟ್ಟಿದ್ದು ಇರಲಿ. ನನ್ನ ಮೇಲೆ ಕೊಟ್ಟಿದ್ದು ಹೋಗಲಿ. ನ್ಯಾಯ ಅಂದ್ರೆ ಅಷ್ಟೇ."

"ನನ್ನದೂ ಅದೇ ನ್ಯಾಯ" ಎಂದರು ನರ್ಸಮ್ಮ. ಇಷ್ಟು ವರ್ಷದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ ಸಲ.

ಆದರೆ ಶುಕ್ರವಾರ ನರ್ಸಮ್ಮ ಒಬ್ಬರೇ ಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮೂವತ್ತು ವರ್ಷ ಡಾಕ್ಟರುಗಳನ್ನೇ ಗದರಿಸಿದ ಹೆಂಗಸು ಸೆರಗಿನ ತುದಿ ಸುತ್ತುತ್ತಿದ್ದರು.

"ಏನಮ್ಮ, ಅದೊಂದು ಕಾಗದ ಇದೆಯಲ್ಲ. ಮೇಲಿನ ಮನೆಯವರ ಹಾಡಿನದು."

ನನಗೆ ನೆನಪಿತ್ತು. ಹದಿನಾಲ್ಕು ವರ್ಷದ ಹಿಂದೆ, ಪೋಸ್ಟ್ ಮಾಸ್ಟರ ಹೆಂಡತಿ ದಿನಾ ಬೆಳಿಗ್ಗೆ ಹಾಡಿನ ಅಭ್ಯಾಸ ಮಾಡುತ್ತಾರೆ, ಐದಕ್ಕೆ ಪಾಳಿ ಮುಗಿಸಿ ಬಂದು ಮಲಗುವ ಹಾಗಿಲ್ಲ ಎಂದು ನರ್ಸಮ್ಮ ಬರೆಸಿದ್ದು. ಕಂಬಳಿಯ ಪರದೆ ಹೊಲಿದದ್ದು ಆಗಲೇ. ಹಾಡುತ್ತಿದ್ದಾಕೆ ತೀರಿಹೋಗಿ ಈಗ ಏಳು ವರ್ಷ.

"ಅದನ್ನ ಅಳಿಸಿಬಿಡು. ಅವರ ಕಣ್ಣಿಗೆ ಬೀಳೋದು ಬೇಡ. ಸತ್ತೋರ ಹಾಡಿನ ಮೇಲೆ ದೂರು ಕೊಟ್ಟೋಳು ಅಂತ ಆ ಮನುಷ್ಯ ನನ್ನ ನೋಡೋದು ಬೇಡ."

ನಾನು ಆ ಸಂಜೆಯೇ ಇವರಿಗೆ ಹೇಳಿದೆ. "ಅದಕ್ಕೆ ಏರ್ಪಾಡು ಆಗಿದೆ" ಎಂದರು. ಯಾವ ಏರ್ಪಾಡು ಎಂದು ತಿಳಿದದ್ದು ಶನಿವಾರ. ನಾಲ್ಕು ಸಂಜೆ ಕೂತು ಅವರು ನೂರ ಹದಿನೇಳು ದೂರುಗಳ ಭಾರ ಇಳಿಸಿದ್ದರು. 'ಮಾನ್ಯರೇ' ಎಲ್ಲ ಹೋಗಿತ್ತು. 'ತಮ್ಮಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ' ಹೋಗಿತ್ತು. ಕೊನೆಯಲ್ಲಿ 'ಇಂತಿ ತಮ್ಮ ವಿಶ್ವಾಸಿ' ಎಂದು ಬರೆಸಿದವರ ಹೆಸರೂ ಹೋಗಿತ್ತು. ಉಳಿದದ್ದು ತಾರೀಕು ಮತ್ತು ತಿರುಳು.

"ನೋಡು, ಈಗ ಎಷ್ಟು ಹಗುರ!" ಎಂದರು ಹೆಮ್ಮೆಯಿಂದ. "ನರ್ಸಮ್ಮನ ಚಿಂತೆಯೂ ಮುಗೀತು. ಯಾರು ಬರೆದದ್ದು ಅಂತ ಈಗ ಯಾರಿಗೂ ಗೊತ್ತಾಗಲ್ಲ."

"ಅದನ್ನ ಪೂರ್ತಿ ಅಳಿಸಿ ಅಂದ್ರಲ್ಲ ಅವರು!"

"ಒಬ್ಬರಿಗೊಂದು ಇನ್ನೊಬ್ಬರಿಗೊಂದು ನಿಯಮ ಮಾಡಕ್ಕಾಗಲ್ಲ. ನಾನು ಕಾರ್ಯದರ್ಶಿ."

ಭಾನುವಾರ ಮೂರಕ್ಕೆ ಸರಿಯಾಗಿ ಟೈಲರು ಹೊಸ ಅಂಗಿ ಹಾಕಿಕೊಂಡು ಬಂದರು. ನರ್ಸಮ್ಮ ಬಾಗಿಲ ಹತ್ತಿರದ ಕುರ್ಚಿ ಹಿಡಿದು, ನನ್ನನ್ನು ಕಣ್ಣಲ್ಲೇ ಪ್ರಶ್ನಿಸಿದರು. ನಾನು ಕಿಟಕಿಯಾಚೆ ನೋಡಿದೆ. ನಮ್ಮವರು ಗಂಟಲು ಸರಿಮಾಡಿಕೊಂಡು ಮೊದಲ ಪತ್ರ ಓದಿದರು.

"'ಸದರಿ ಮುದುಕಿಯು ಹಗಲೆಲ್ಲ ಮರದ ಬೆಂಚನ್ನು ಈ ಕೋಣೆಯಿಂದ ಆ ಕೋಣೆಗೆ ಎಳೆದಾಡುತ್ತಾರೆ. ಸದ್ದು ಕೇಳಿದರೆ ನಾಲ್ಕು ಆಳು ಸೇರಿ ಎಳೆದಂತಿರುತ್ತದೆ.' ಇದು ಯಾರದು?"

"ನನ್ನದು" ಎಂದರು ಟೈಲರು.

"ನಿಂದೆಲ್ಲಿ ಬಂತು? ನಾನು ಬರೆಸಿದ್ದು. ನಾಲ್ಕು ಆಳು ಅನ್ನೋ ಮಾತು ನಂದು" ಎಂದರು ನರ್ಸಮ್ಮ.

"ಹೆಸರು ನೋಡಿ ಸಾರ್."

"ಹೆಸರು ಭಾರ ಅಂತ ತೆಗೆದಿದೀನಿ."

ಟೈಲರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನನ್ನ ಹೆಸರು ಭಾರವಾ? ನರ್ಸಮ್ಮನ ಹೆಸರು ನೋಡಿ, ನನ್ನದಕ್ಕಿಂತ ಎರಡು ಅಕ್ಷರ ಜಾಸ್ತಿ!"

ಜಗಳ ಏರುತ್ತಿದ್ದಾಗ ಮೂಲೆಯಿಂದ ಅತ್ತೆ ಕೋಲು ಕುಟ್ಟಿದರು. "ಯಾರು ಬರೆಸಿದ್ರೇನು? ಬರೆದಿದ್ದು ನನ್ನ ಮೇಲೆ. ಅದು ನನಗೆ ಬೇಕು."

"ಅಮ್ಮ, ಅದು ನಿನ್ನ ಮೇಲಿನ ದೂರು" ಎಂದರು ಇವರು.

"ಗೊತ್ತು ಕಣೋ. ನಾಲ್ಕು ಆಳಿನ ಕೆಲಸ ಒಬ್ಬಳೇ ಮಾಡ್ತಿದ್ದೆ ಅಂತ ಸಾಕ್ಷಿ ಅದೊಂದೇ. ಈಗ ಲೋಟ ಎತ್ತೋಕೆ ಎರಡು ಕೈ ಬೇಕು. ಡಾಕ್ಟರಿಗೆ ತೋರಿಸ್ತೀನಿ, ಓದಿ ನೋಡಪ್ಪ ಅಂತ."

ಟೈಲರು ಅದನ್ನು ಅತ್ತೆಗೇ ಬಿಟ್ಟುಕೊಟ್ಟರು. ಆಮೇಲೆ ಓದಿದ ಒಂದೊಂದು ಪತ್ರಕ್ಕೂ ಕೋಪ ಇಳಿಯುತ್ತ ಹೋಯಿತು. ಮೆಟ್ಟಿಲ ಮೇಲೆ ಚೆಂಡು ಬಡಿಯುವ ಹುಡುಗಿಯ ಮೇಲೆ ಒಂದು ದೂರು; ಅದು ನಮ್ಮ ಮಗಳು. ಒಣಹಾಕಿದ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಮದುವೆಯ ಕೋಟು ಹಾಳಾಯಿತೆಂದು ಒಂದು. ಟೈಲರು ಅದನ್ನು ಕೇಳಿ, "ಆ ಮದುಮಗನಿಗೆ ಈಗ ಮೂರು ಮಕ್ಕಳು, ಎಲ್ಲರ ಬಟ್ಟೆಯೂ ನಾನೇ ಹೊಲಿಯೋದು" ಎಂದರು. ನರ್ಸಮ್ಮನೂ ಒಮ್ಮೆ ನಕ್ಕರು.

ಆಗ ಪೋಸ್ಟ್ ಮಾಸ್ಟರು ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಹೊಸ ನೋಟ್‌ಬುಕ್. ಕೂರಿ ಎಂದರೂ ಕೂರಲಿಲ್ಲ.

"ಸೆಕ್ರೆಟರಿಗಳೇ, ಅಳಿಸೋಕೆ ಮುಂಚೆ ಆ ಎಲ್ಲ ದೂರುಗಳ ತಾರೀಕು ನನಗೆ ಬೇಕು. ಹೋದ ತಿಂಗಳು ನೀರಿನ ಟ್ಯಾಂಕ್ ನೋಡಕ್ಕೆ ಮಾಲೀಕರ ಕಡೆಯವರು ಬಂದಿದ್ರು. ಏನಂದ್ರು ಗೊತ್ತಾ? 'ನಿಮ್ಮ ಕಟ್ಟಡದಿಂದ ಒಂದು ಕಾಗದವೂ ಬಂದಿಲ್ಲ, ಎಂಥ ಒಳ್ಳೇ ಜನ ನೀವು' ಅಂದ್ರು."

ನಮ್ಮವರು ಗ್ಲಾಸಿನ ನೀರೆಲ್ಲ ಕುಡಿದರು.

"ಆದ್ರೆ ಉತ್ತರ ಬಂದಿದೆಯಲ್ಲ ಸಾರ್" ಎಂದರು ಟೈಲರು. "ನನಗೆ ರಬ್ಬರ್ ಬಂತು."

"ರಬ್ಬರ್ ಉತ್ತರ ಅಲ್ಲ. ಉತ್ತರ ಅಂದ್ರೆ ಕಾಗದ." ಪೋಸ್ಟ್ ಮಾಸ್ಟರು ನೋಟ್‌ಬುಕ್ ತೆರೆದರು. "ನೂರಕ್ಕೂ ಮೇಲೆ ಕಾಗದ ಒಂದೇ ವಿಳಾಸಕ್ಕೆ ಹೋಗಿ ಒಂದೂ ತಲುಪಿಲ್ಲ ಅಂದ್ರೆ, ಆ ಊರಿನ ಪೋಸ್ಟ್‌ಮ್ಯಾನ್ ಕದ್ದು ಬಿಸಾಕಿದಾನೆ. ಮೂವತ್ತೆಂಟು ವರ್ಷ ಸರ್ವಿಸ್ ನನ್ನದು. ಹರಿದುಹೋದ ವಿಳಾಸದ್ದನ್ನೂ ಹುಡುಕಿ ತಲುಪಿಸಿದೀನಿ. ನಾಳೆ ಬೆಳಿಗ್ಗೆ ಮೇಲಿನ ಆಫೀಸಿಗೆ ಬರೀತೀನಿ. ಅವನ ಕೆಲಸ ಹೋಗಬೇಕು."

ನಮ್ಮವರು ನನ್ನ ಕಡೆ ನೋಡಿದರು. ತಾವು ಎಂದೂ ನೋಡದ, ಯಾವುದೋ ಊರಿನ ಯಾವುದೋ ಸೈಕಲ್ಲಿನ ಮೇಲಿರುವ ಆ ಪೋಸ್ಟ್‌ಮ್ಯಾನ್ ಅವರ ಕಣ್ಣ ಮುಂದೆ ನಿಂತಿದ್ದನೆಂದು ತೋರುತ್ತದೆ. ಇವರೋ, ಸುಳ್ಳು ತೂಕವನ್ನು ಹಿಡಿಯುವುದೇ ಉದ್ಯೋಗವಾದವರು.

"ಅವನದು ತಪ್ಪಿಲ್ಲ" ಎಂದರು. "ನಾನು ಹಾಕಿಲ್ಲ."

"ಯಾವುದನ್ನ?"

"ಯಾವುದನ್ನೂ."

ಮೊದಲು ಚೇತರಿಸಿಕೊಂಡವರು ಟೈಲರು. "ಹಾಗಾದ್ರೆ ರಬ್ಬರ್?"

"ಹಳೇ ಟೈರ್ ಕತ್ತರಿಸಿ ಹಾಕಿದ್ದು."

"ಮಾಲೀಕರು ಕಳಿಸಿದ್ದು ಅಂತ ನಾನು ದಿನಾ ಅದನ್ನ ಒರೆಸಿ ಇಟ್ಕೊಂಡಿದೀನಲ್ಲ ಸಾರ್!"

"ನನ್ನ ಪರದೆ?" ಎಂದರು ನರ್ಸಮ್ಮ.

"ನಮ್ಮ ಕಂಬಳಿ" ಎಂದೆ ನಾನು.

"ಅದಕ್ಕೇ ಒಗೆದಾಗಲೆಲ್ಲ ನಮ್ಮನೆ ವಾಸನೆ ಬರ್ತಿತ್ತು" ಎಂದರು ಅತ್ತೆ ಸಮಾಧಾನದಿಂದ.

ಪೋಸ್ಟ್ ಮಾಸ್ಟರು ನಿಧಾನವಾಗಿ ಬಂದು ಕಂಪ್ಯೂಟರ್ ಮುಂದೆ ಕೂತರು. "ಕಾಗದ ತಡೆಯೋದು ಎಂಥ ಅಪರಾಧ ಗೊತ್ತೇನ್ರೀ ನಿಮಗೆ? ತೋರಿಸಿ. ಒಂದೊಂದೂ ತೋರಿಸಿ."

ನಮ್ಮವರು ಹಿಂದೆ ನಿಂತು ಒಂದೊಂದೇ ತೆರೆದರು. ಪೋಸ್ಟ್ ಮಾಸ್ಟರು ತಾರೀಕು ಓದುವರು, ತಿರುಳು ಓದುವರು, ಮುಂದೆ ಎನ್ನುವರು. ನಾನು ಕಾಫಿ ತರಲೇ ಎಂದೆ. ಬೇಡ ಎಂದರು. ತುಸು ವಿಶ್ರಾಂತಿ ತಗೊಳ್ಳಿ ಎಂದೆ. ಬೇಡ ಎಂದರು. ನರ್ಸಮ್ಮ ಎದ್ದು ಬಾಗಿಲವರೆಗೆ ಹೋಗಿ, ಹೋಗಲಾರದೆ ಅಲ್ಲೇ ಗೋಡೆಗೆ ಒರಗಿದರು. ಅರವತ್ತನಾಲ್ಕನೆಯದು ತೆರೆಯಿತು. ಪೋಸ್ಟ್ ಮಾಸ್ಟರು ಅದನ್ನೂ ವಿಳಾಸ ಓದುವ ಸ್ವರದಲ್ಲೇ ಗಟ್ಟಿಯಾಗಿ ಓದತೊಡಗಿದರು.

"'ಬೆಳಿಗ್ಗೆ ಐದೂ ಮುಕ್ಕಾಲಿಗೆ ಮೇಲಿನ ಮನೆಯ ಕಿಟಕಿ ತೆರೆಯುವ ಸದ್ದಾಗುತ್ತದೆ. ಎರಡು ಸಲ ಕೆಮ್ಮುತ್ತಾರೆ. ಆಮೇಲೆ ಒಂದೇ ಸ್ವರವನ್ನು ಹತ್ತು ನಿಮಿಷ ಹಿಡಿಯುತ್ತಾರೆ. ಸೋಮವಾರ, ಮಂಗಳವಾರ ಒಂದೇ ಹಾಡು. ಎರಡನೆಯ ಸಾಲಿನಲ್ಲಿ ಮೇಲೆ ಹೋಗಬೇಕಾದ ಕಡೆ ಉಸಿರು ಸಾಲದೆ ನಿಲ್ಲಿಸಿ, ಥೂ ಎಂದು ತಮ್ಮನ್ನೇ ಬೈದುಕೊಂಡು, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಒಂದು ದಿನ ಹೀಗೆ ಹನ್ನೊಂದು ಸಲ. ಬುಧವಾರದಿಂದ ಬೇರೆ ಹಾಡು...'"

ಕಾಗದ ಅಲ್ಲಿಗೇ ಮುಗಿದಿತ್ತು. ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ಯಾರು ಬರೆಸಿದ್ದು?"

ನಮ್ಮವರು ನೆಲ ನೋಡಿದರು.

"ಹೆಸರೆಲ್ಲಿ?"

"ಭಾರ ಅಂತ..." ಎಂದು ಟೈಲರು ಹೇಳಹೋಗಿ ನುಂಗಿಕೊಂಡರು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡುವವರಲ್ಲ. ನರ್ಸಮ್ಮ ಸುಮ್ಮನೆ ನಿಂತಿದ್ದರೆ ಸಾಕಿತ್ತು.

"ನಾನು" ಎಂದರು ನರ್ಸಮ್ಮ. "ನಾನೇ ಬರೆಸಿದ್ದು. ರಾತ್ರಿಯೆಲ್ಲ ನಿಂತು ಬರ್ತಿದ್ದೆ, ಕಣ್ಣು ಉರೀತಿತ್ತು. ಕೋಪ ಬಂತು, ಬರೆಸಿದೆ. ಬೈಯೋದಿದ್ರೆ ಬೈದುಬಿಡಿ."

ಪೋಸ್ಟ್ ಮಾಸ್ಟರು ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದರು.

"ಥೂ ಅಂತಿದ್ಲಾ?"

"ದಿನಾ."

"ಹನ್ನೊಂದು ಸಲ?"

"ಒಂದು ದಿನ ಹನ್ನೊಂದು. ಮಿಕ್ಕ ದಿನ ನಾಲ್ಕೈದು."

"ನಾನು ಕೇಳಿಯೇ ಇಲ್ಲ" ಎಂದರು ಅವರು. "ಐದು ಗಂಟೆಗೆ ಟಪಾಲು ವಿಂಗಡಿಸೋಕೆ ಹೋಗ್ಬಿಡ್ತಿದ್ದೆ. ನಾನಿದ್ರೆ ಅವಳು ಹಾಡ್ತಿರ್ಲಿಲ್ಲ, ನಾಚಿಕೆ. ರಿಟೈರ್ ಆದ್ಮೇಲೆ ಕೂತು ಕೇಳ್ತೀನಿ ಕಣೇ ಅಂದಿದ್ದೆ. ಅದಕ್ಕೆ ಒಂದು ವರ್ಷ ಮುಂಚೆ ಹೋದ್ಲು." ಮತ್ತೆ ಕಂಪ್ಯೂಟರಿನ ಕಡೆ ನೋಡಿದರು. "ಇದು ಮಾಲೀಕರಿಗೆ ತಲುಪಿದ್ರೆ ಏನಾಗ್ತಿತ್ತು?"

"ಬಾಯಿ ಮುಚ್ಚಿಸ್ತಿದ್ರು" ಎಂದರು ನಮ್ಮವರು, ಮೆಲ್ಲಗೆ.

"ತಲುಪಲಿಲ್ಲ, ಹಾಡ್ತಾನೇ ಇದ್ಲು." ಪೋಸ್ಟ್ ಮಾಸ್ಟರು ಹೊಸ ನೋಟ್‌ಬುಕ್ಕನ್ನು ಮುಚ್ಚಿ ಜೇಬಿಗಿಟ್ಟರು. "ಸೆಕ್ರೆಟರಿಗಳೇ, ನೀವು ಮಾಡಿದ್ದು ಅಪರಾಧ. ಅದರ ಬಗ್ಗೆ ನಾನು ಆಮೇಲೆ ಮಾತಾಡ್ತೀನಿ. ನರ್ಸಮ್ಮ, ಬುಧವಾರದ ಹಾಡು ಅಂತ ಬರೆಸಿ ಅಲ್ಲಿಗೇ ಬಿಟ್ಟಿದೀರಲ್ಲ. ಅದು ಹೇಗಿತ್ತು?"

"ಅದು ಕೆಳಗಿಂದ ಶುರುವಾಗೋದು" ಎಂದರು ನರ್ಸಮ್ಮ. "ನನಗೆ ಹಾಡಕ್ಕೆ ಬರಲ್ಲ ಸಾರ್, ಸುಮ್ಮನೆ ಹೇಳ್ತೀನಿ. ರಾತ್ರಿ ಪಾಳಿ ನಿಂತ ಮೇಲೂ ಆ ಹೊತ್ತಿಗೆ ಎಚ್ಚರ ಆಗ್ತಿತ್ತು. ಪರದೆ ಸರಿಸಿ ಕೇಳ್ತಿದ್ದೆ."

"ಹೇಳಿ. ಪೂರ್ತಿ ಹೇಳಿ. ಸೆಕ್ರೆಟರಿಗಳು ಟೈಪ್ ಮಾಡಲಿ."

ನಮ್ಮವರು ಕುರ್ಚಿ ಎಳೆದುಕೊಂಡು ಕೂತರು. ಪದಕ್ಕೊಂದು ತೂಕ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನರ್ಸಮ್ಮ ಕಣ್ಣು ಮುಚ್ಚಿ ಒಂದೊಂದೇ ಹೇಳಿದರು: ಮಳೆ ಬಂದರೆ ಕಿಟಕಿ ಮುಚ್ಚಿ ಹಾಡುತ್ತಿದ್ದದ್ದು; ಹಾಲಿನವನು ಬೆಲ್ ಹೊಡೆದರೆ ಸಾಲಿನ ನಡುವೆಯೇ "ಅಲ್ಲೇ ಇಡಪ್ಪ" ಎಂದು, ಅದೇ ಸ್ವರದಲ್ಲಿ ಮುಂದುವರಿಸುತ್ತಿದ್ದದ್ದು. ಅದನ್ನು ಕೇಳಿ ಪೋಸ್ಟ್ ಮಾಸ್ಟರು ಕೆಮ್ಮಿದಂತೆ ನಕ್ಕರು. ಟೈಲರು, "ಶನಿವಾರ ಒಂದು ಹಾಡು ನನ್ನ ಮನೆವರೆಗೂ ಕೇಳಿಸ್ತಿತ್ತು ಸಾರ್, ಅದನ್ನೂ ಸೇರಿಸಿ" ಎಂದರು. "ನಿನ್ನ ಸರದಿ ಬಂದಾಗ ಹೇಳಪ್ಪ" ಎಂದು ನರ್ಸಮ್ಮ ಗದರಿಸಿದರು.

ನಾಲ್ಕು ಹೊಡೆದದ್ದು ಯಾರ ಕಿವಿಗೂ ಬೀಳಲಿಲ್ಲ. ರಿಪೇರಿ ಅಂಗಡಿಯಾಕೆ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತು, ಸೇರಿದ ಜನರನ್ನು ನೋಡಿ, ಯಾರಿಗೇನಾಯಿತೋ ಎಂದು ಗಾಬರಿಯಿಂದ ನನ್ನ ಕಿವಿಯಲ್ಲಿ ಕೇಳಿದರು. ಏನಿಲ್ಲ, ಕೆಲವು ಕಾಗದ ಉಳಿಸಿಕೊಳ್ಳುತ್ತಿದ್ದೇವೆ ಎಂದೆ.

"ಕಾಗದ ತಾನೇ? ಸಾವಿರಾರು ಹಿಡಿಸತ್ತೆ ಅಕ್ಕ, ಅದಕ್ಕೇನು ತೂಕವಾ ಮಣ್ಣಾ! ಬೇಗ ಹಾಕ್ಕೊಳ್ಳಿ, ನಾನು ಅಳಿಸೋಕೆ ಶುರು ಮಾಡ್ತೀನಿ" ಎಂದು ಆಕೆ ಒಳಗೆ ಕಾಲಿಟ್ಟರು.

ನರ್ಸಮ್ಮ ಕಣ್ಣು ತೆರೆಯದೆಯೇ ಒಂದು ಕೈ ಎತ್ತಿ ತಡೆದರು. "ನಿಂತ್ಕೊಳಮ್ಮ. ಇನ್ನೂ ಬುಧವಾರ ಮುಗಿದಿಲ್ಲ."